ಬಡವರ ಸೀಟಿಗೆ ಹೊಸ ಫ್ರಾಕು

ಗಲ್ಫಿನ ಸಿತ್ರಾದಲ್ಲಿ ನಮ್ಮ ಕಂಪೆನಿಯ ಲೋಡರ್ ಇಬ್ರಾಹಿಂ ತನ್ನ ಮಗಳಿಗೆ ಬಡವರ ಕೋಟಾದಲ್ಲಿ ಸೀಟು ಕೇಳಲು ಹೊರಟಾಗ, ಫಾರ್ಮು ತುಂಬಿಸಿಕೊಡಲು ನಾನೂ ಈಸಾ ಟೌನಿನ ಶಾಲೆಗೆ ಹೋಗಿದ್ದೆ. ಸಂಬಳದ ಪತ್ರ ಸರಿಯಾಗಿಯೇ ಇತ್ತು. ಆದರೂ ನಮ್ಮ ಮಂಗಳೂರು ಕಡೆಯವನೇ ಆದ ಕ್ಲರ್ಕ್, ಹುಡುಗಿಯ ಹೊಸ ಫ್ರಾಕನ್ನು ದಿಟ್ಟಿಸಿ, "ಇವಳನ್ನು ನೋಡಿದರೆ ಬಡವರ ಹಾಗೆ ಕಾಣುವುದಿಲ್ಲವಲ್ಲ?" ಎಂದ.

ಇಬ್ರಾಹಿಂ ತಲೆ ತಗ್ಗಿಸಿದ. "ಶಾಲೆಗೆ ಬರುವುದಲ್ವಾ ಅಂತ ಇವಳ ಉಮ್ಮ ಹೊಲಿದದ್ದು ಸಾರ್."

ನನಗೆ ಮೈಯೆಲ್ಲ ಉರಿಯಿತು. "ಹರಿದ ಬಟ್ಟೆಯಲ್ಲೇ ಬರಬೇಕು ಅಂತ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಡಿ. ಪ್ರಿನ್ಸಿಪಾಲರಿಗೆ ತೋರಿಸುತ್ತೇನೆ" ಎಂದೆ.

ಕ್ಲರ್ಕ್ ಬೇಗ ಬೇಗ ಸೀಲು ಒತ್ತಿದ. "ತಮಾಷೆಗೆ ಹೇಳಿದ್ದು ಮಾರಾಯ್ರೆ" ಎಂದು ನಕ್ಕ.

ಬಡವರನ್ನು ತಮಾಷೆ ಮಾಡುವುದಕ್ಕೂ ಶಾಲೆಯವರು ಸಂಬಳ ಕೊಟ್ಟು ಜನ ಇಟ್ಟುಕೊಂಡಿರುತ್ತಾರೆಂದು ನನಗೆ ಅವತ್ತೇ ಗೊತ್ತಾದದ್ದು.