ಅಕ್ಕಿ ಪಾಸ್ತಾಕ್ಕೆ ಒಗ್ಗರಣೆ

ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಡಾಕ್ಟರು ಅವಳ ಹೊಟ್ಟೆನೋವಿಗೆ ಕೊನೆಗೂ ಕಾರಣ ಹುಡುಕಿದರು. ಗೋಧಿ ಆಗುವುದಿಲ್ಲ, ಒಂದು ಚೂರೂ ಕೂಡದು. ಇಷ್ಟೇನಾ ಎಂದು ನಾನು ನಕ್ಕುಬಿಟ್ಟೆ. ಬ್ರಹ್ಮಾವರದ ನಮ್ಮ ಮನೆಯಲ್ಲಿ ಬೆಳಿಗ್ಗೆ ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಚಪಾತಿ, ಬ್ರೆಡ್ಡು, ಬಿಸ್ಕತ್ತು ಬಿಟ್ಟರೆ ಮುಗಿಯಿತು.

ಮುಗಿಯಲಿಲ್ಲ. ಎರಡು ತಿಂಗಳಾದರೂ ನೋವು ಹೋಗಲಿಲ್ಲ, ಹುಡುಗಿ ಕಡ್ಡಿಯಾಗುತ್ತಲೇ ಹೋದಳು. ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಅನ್ನಿಸಿತು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ನನ್ನನ್ನು ಬಿಟ್ಟರೆ ಅತ್ತೆ ಒಬ್ಬರೇ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಅತ್ತೆ, ನೀವ್ ಮಗಿಗ್ ಬಿಸ್ಕತ್ ಕೊಡುದ್ ನಂಗ್ ಗೊತ್ತಿತ್" ಎಂದುಬಿಟ್ಟೆ.

ಮಾತಿಗೆ ಮಾತು ಸಾಲ ಉಳಿಸಿಕೊಳ್ಳದ ಹೆಂಗಸು ಅವರು. ಅವತ್ತು ಸುಮ್ಮನೆ ಎದ್ದು ಹೋದರು. ಸುಮ್ಮನಿದ್ದದ್ದೇ ಸಾಕ್ಷಿಯೆಂದು ನಾನು ತೀರ್ಪು ಕೊಟ್ಟೆ. ಮಗಳಿಗೆ ನೋವು ಬಂದಾಗಲೆಲ್ಲ ಮಜ್ಜಿಗೆಗೆ ಇಂಗು ಕದಡಿ ನಾನೇ ಕುಡಿಸುತ್ತಿದ್ದೆ.

ಆ ನಡುವೆ ಗೆಳತಿಯ ಹುಟ್ಟುಹಬ್ಬಕ್ಕೆ ಹೋದ ಮಗಳು, ಎಲ್ಲರೂ ಪಾಸ್ತಾ ತಿನ್ನುವಾಗ ಬಾಳೆಹಣ್ಣು ತಿಂದು ಬಂದಳು. ನಮ್ಮ ಯಜಮಾನರು ಮಣಿಪಾಲದ ಅಂಗಡಿಗಳನ್ನೆಲ್ಲ ಸುತ್ತಿ ಗೋಧಿಯಿಲ್ಲದ ಅಕ್ಕಿ ಪಾಸ್ತಾ ತಂದರು. ಬೇಯಲು ಹಾಕಿ ಕಾಯಿ ತುರಿಯಲು ಕೂತೆ. ಎದ್ದು ನೋಡಿದರೆ ಅರ್ಧ ಕರಗಿ ಅಂಟಾಗಿತ್ತು. ಅತ್ತೆ ಪಾತ್ರೆಗೆ ಇಣುಕಿ, ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಬಾಯಿ ಬಿಟ್ಟರು. "ಗಂಜಿ ಉಂಬುಕೆ ಮಣಿಪಾಲಕ್ಕೆ ಹೋಯ್ಕಾ?"

ಉಳಿದದ್ದಕ್ಕಾದರೂ ರುಚಿ ಬರಲೆಂದು ಒಗ್ಗರಣೆಗೆ ಎಣ್ಣೆ ಇಟ್ಟೆ. ಪಾಸ್ತಾ ಪೊಟ್ಟಣದ ಇಂಗ್ಲಿಷ್ ಓದಿದ ಹುರುಪಿನಲ್ಲಿ ಮಗಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಓದುತ್ತಿದ್ದಳು. ಇಂಗು ಕೊಡು ಅಂದೆ. ಕೊಡಲಿಲ್ಲ.

"ಅಮ್ಮ, ಇದ್ರಗೆ ಗೋಧಿ ಹಿಟ್ಟ್ ಇತ್ ಅಂದೇಳಿ ಬರ್ದಿತ್."

ಕಸಿದುಕೊಂಡು ಓದಿದೆ. ಹೌದು. ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಾರಿಗೆ, ತಂಬುಳಿಗೆ, ಹೊಟ್ಟೆನೋವಿನ ಮಜ್ಜಿಗೆಗೆ, ದಿನಾ ಹಾಕಿದವಳು ನಾನು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಹುಡುಕುವವರ ಸಾಲಿಗೆ ಸೇರಿದೆ.

ತಪ್ಪಾಯಿತು ಅನ್ನಲು ತಿರುಗಿದರೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸುರೂಗ್ ಒಂದಿನ ಅರ್ಧ ಬಿಸ್ಕತ್ ಕೊಟ್ಟಿದ್ದೆ ಮಾರಾಯ್ತಿ, ಹಟ ಮಾಡ್ತಿತ್ ಅಂದೇಳಿ. ಇಷ್ಟ್ ದಿನ ಎಲ್ಲಾ ಅದ್ರಿಂದ್ಲೇ ಅಂದ್ಕಂಡಿದ್ದೆ."

ಆಮೇಲೆ ಅವರೇ ಒಲೆ ಆರಿಸಿದರು, ಮೂರು ತಟ್ಟೆ ಹಾಕಿ ಆ ಅಂಟಿನ ಪಾಸ್ತಾವನ್ನೇ ಬಡಿಸಿದರು. "ಇಬ್ರಿಗೂ ಗೊತ್ತಿರ್ಲಿಲ್ಲೆ. ಕೂಕೊ, ಉಣ್ಣ್" ಅಂದರು.

ಮಗಳು ಕೆಲವೇ ತಿಂಗಳಲ್ಲಿ ಮೈ ತುಂಬಿಕೊಂಡಳು. ಇಂಗಿಲ್ಲದೆ ಊಟ ಸೇರದ ಅತ್ತೆ ಕೊನೆಯವರೆಗೂ ಇಂಗಿಲ್ಲದ ಸಾರನ್ನೇ ಉಂಡರು. ಅವರ ಋಣ ನಾನು ತೀರಿಸಲಿಲ್ಲ, ತೀರಿಸುವಂಥದ್ದೂ ಅಲ್ಲ. ಅಷ್ಟು ದಿನ ನನ್ನ ತಪ್ಪನ್ನು ತಮ್ಮದೆಂದು ಹೊತ್ತವರು, ಅದು ನನ್ನದೆಂದು ಗೊತ್ತಾದ ಮೇಲೆ ಒಂದು ದಿನವೂ ನನ್ನ ತಲೆಗೆ ಹೊರಿಸಲಿಲ್ಲ.