ಆಡಿನ ತೊಡೆಗೆ ಬಂಗುಡೆಯ ಗೀರು

ಬೆಳಗಿನ ನಾಲ್ಕೂವರೆ. ಒಮಾನಿನ ಸಹಮ್ ಪೇಟೆಯಲ್ಲಿ ಈ ಹೊತ್ತಿಗೆ ಎದ್ದಿರುವುದು ಬಾಂಗು ಕೊಡುವವರು, ಬೆಕ್ಕುಗಳು ಮತ್ತು ಹವ್ವಮ್ಮ. ಬೆಕ್ಕುಗಳಂತೂ ಇಡೀ ಬಾತಿನಾ ಕರಾವಳಿಯಿಂದ ಬಸ್ಸು ಹಿಡಿದು ಬಂದಂತೆ ಮಟನ್ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿವೆ. ಕಸಾಯಿಖಾನೆಯ ಪಿಕಪ್ ಬಂದು ನಿಲ್ಲುತ್ತದೆ. ಹವ್ವಮ್ಮ ಬುರ್ಖಾದ ಮೇಲೆ ಏಪ್ರನ್ ಬಿಗಿದು, ಸುಲಿದ ಆಡನ್ನು ನಿದ್ದೆ ಹೋದ ಮಗುವಿನಂತೆ ಹೆಗಲಿಗೆ ಹಾಕಿಕೊಂಡು ಒಳಗೆ ಬರುತ್ತಾರೆ. ಆಳು ಐದಡಿಯೂ ಇಲ್ಲ. ಹಾಲಿನ ಕ್ರೇಟಿನ ಮೇಲೆ ಹತ್ತಿ ಆಡನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ.

"ಸ್ವಲ್ಪ ಆಚೆ ನಿಲ್ಲಿ ಅಮ್ಮಾ, ಎಲುಬಿನ ಚೂರು ಹಾರ್ತದೆ. ನಾಳೆ ಪೇಪರಿಗೆ ಬರೀಲಿಕ್ಕೆ ನಿಮ್ಗೆ ಕಣ್ಣು ಬೇಡ್ವಾ?" ಎಂದು ನನ್ನನ್ನು ಗದರಿಸುತ್ತಾರೆ.

ಬಕ್ರೀದಿಗೆ ಇನ್ನು ಮೂರೇ ದಿನ. ಈ ಹಬ್ಬ ಕಳೆದರೆ ಅಂಗಡಿ ಉಳಿಯುತ್ತದೋ ಮುಚ್ಚುತ್ತದೋ ಎಂಬುದು ಗೊತ್ತಾಗುತ್ತದೆ.

ಅಂಗಡಿ ಗಂಡ ಇದಿನಬ್ಬರದು. ಉಳ್ಳಾಲದಿಂದ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಮಚ್ಚು ಎತ್ತಿ ಎತ್ತಿ ಅವರ ಬಲಭುಜ ಸವೆದುಹೋಗಿದೆ. ಈಗ ಕೈ ಕಿವಿಯಿಂದ ಮೇಲೆ ಏಳುವುದಿಲ್ಲ. ಡಾಕ್ಟರು ಈ ಕೆಲಸ ಬಿಡಿ ಎಂದು ಕೈಮುಗಿದಿದ್ದಾರೆ. ಹಾಗಾಗಿ ಅವರು ತಕ್ಕಡಿಯ ಹಿಂದೆ ಸ್ಟೂಲ್ ಹಾಕಿ ಕೂತು, ತೂಗುತ್ತಾ, ಬಂದವರಿಗೆಲ್ಲ ಊರಿನ ಸುದ್ದಿ ಹೇಳುತ್ತಾರೆ.

"ಇವರ ಕೈ ಮಾತ್ರ ಕೆಲಸ ಬಿಟ್ಟದ್ದು. ಬಾಯಿ ಓವರ್‌ಟೈಮ್ ಮಾಡ್ತಾ ಉಂಟು" ಎನ್ನುತ್ತಾರೆ ಹವ್ವಮ್ಮ.

"ಬಾಯಿ ಇಲ್ಲದಿದ್ರೆ ನಿನ್ನ ಮಟನ್ ಯಾರು ತಗೊಳ್ತಾರೆ ಮಾರಾಯ್ತಿ?" ಎಂದು ಇದಿನಬ್ಬ ಅಲ್ಲಿಂದಲೇ ಕೂಗುತ್ತಾರೆ.

ಸಾಧಾರಣ ದಿನಕ್ಕೆ ನಾಲ್ಕು ಆಡು, ವಾರದ ರಜೆಗೆ ಒಂಬತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಮತ್ತೆ ಇಳಿಹೊತ್ತಿನ ಅಸರ್ ನಮಾಜಿನಿಂದ ರಾತ್ರಿ ಒಂಬತ್ತರವರೆಗೆ. ದಿನಕ್ಕೆ ಹದಿನಾಲ್ಕು ಸಲ ಚೂರಿ ಮಸೆಯಬೇಕು. ಸೋಹಾರ್ ಬಂದರಿನ ಕೆಲಸ ಶುರುವಾದ ಮೇಲೆ ನಮ್ಮವರ ಸಂಖ್ಯೆ ನೊಣಗಳನ್ನೂ ಮೀರಿಸಿದೆ. ಯಾರಿಗೆ ಯಾವ ತುಂಡು ಎಂದು ಹವ್ವಮ್ಮನಿಗೆ ಮುಖ ನೋಡಿದರೇ ಗೊತ್ತು. ಬ್ಯಾಂಕಿನ ದಮಯಂತಿಯಮ್ಮನಿಗೆ ಸುಕ್ಕಕ್ಕೆ ಹೆಬ್ಬೆಟ್ಟಿನಷ್ಟು ಚೂರು. ಬಿಜಾಪುರದ ಇಂಜಿನಿಯರ್ ಭೀಮರಾಯರಿಗೆ ಖೈಮಾ. ಒಮಾನಿಗಳಿಗೆ ಇಡೀ ತೊಡೆ.

"ಹವ್ವಕ್ಕಾ, ಎಲುಬು ಕಮ್ಮಿ ಹಾಕ್ರಿ. ಮನ್ಯಾಗ ನಮ್ಮಕಿ ನನ್ನ ಎಲುಬು ಎಣಸ್ತಾಳ" ಎನ್ನುತ್ತಾರೆ ಭೀಮರಾಯರು.

"ಎಲುಬು ಇಲ್ಲದ ಆಡು ಸಮುದ್ರದಲ್ಲಿ ಸಿಗ್ತದೆ, ಅಲ್ಲಿ ಹೋಗಿ" ಎನ್ನುತ್ತಾ ಹವ್ವಮ್ಮ ಎಲುಬು ಬಿಡಿಸಿಯೇ ಕೊಡುತ್ತಾರೆ.

ಈಗ ವಿಷಯಕ್ಕೆ ಬರೋಣ. ಇದಿನಬ್ಬರ ಲೇಬರ್ ಕಾರ್ಡ್ ಜನವರಿಗೆ ಮುಗಿಯುತ್ತದೆ. ಮಚ್ಚು ಎತ್ತಲಾಗದವರಿಗೆ ಕಸಾಯಿಯ ಕಾರ್ಡ್ ಮತ್ತೆ ಸಿಗುವುದಿಲ್ಲ. ಅದನ್ನು ಹವ್ವಮ್ಮನ ಹೆಸರಿಗೆ ಮಾಡಿಸಬೇಕಾದರೆ ಕಫೀಲ್, ಎಂದರೆ ಇವರ ವೀಸಾಕ್ಕೆ ಹೊಣೆಯಾದ ಒಮಾನಿ ಯಜಮಾನರು, ಸಹಿ ಹಾಕಬೇಕು. ಆಗದಿದ್ದರೆ ಮೂವರೂ ಊರಿಗೆ. ಮಗಳು ಸೌದ ಹತ್ತನೇ ಕ್ಲಾಸು, ಮಾರ್ಚಿಗೆ ಬೋರ್ಡ್ ಪರೀಕ್ಷೆ. ಆ ಮಾತು ಎತ್ತಿದರೆ ಸಾಕು, ಪುಸ್ತಕದಿಂದ ತಲೆ ಎತ್ತದೆಯೇ, "ಉಮ್ಮಾ ಪ್ಲೀಸ್, ನಾಟ್ ಅಗೇನ್" ಎನ್ನುತ್ತಾಳೆ.

ಕಫೀಲ್ ಖಲ್ಫಾನ್ ಒಳ್ಳೆಯ ಮನುಷ್ಯ. ಆದರೆ ಅರುವತ್ತು ದಾಟಿದರೂ ತಾಯಿಯನ್ನು ಕೇಳದೆ ಚಪ್ಪಲಿಯನ್ನೂ ಕೊಳ್ಳುವವರಲ್ಲ. ಆ ತಾಯಿಗೆ ಕಡಿಮೆಯೆಂದರೆ ನೂರಿಪ್ಪತ್ತು ವರ್ಷ. ಹಲ್ಲು ನಾಲ್ಕೇ ಇದ್ದರೂ ಮಾಂಸದ ವಿಷಯದಲ್ಲಿ ಸುಪ್ರೀಂ ಕೋರ್ಟು. ರಂಜಾನ್ ಹಬ್ಬಕ್ಕೆ ಅವರ ಮನೆಯ ಶುವಾಕ್ಕೆ ಮಾಂಸ ಕೊಟ್ಟದ್ದು ಹವ್ವಮ್ಮನೇ. ಶುವಾ ಎಂದರೆ ತೊಡೆ, ಕೈಗಳನ್ನು ಇಡಿಯಾಗಿ ಮಸಾಲೆ ಹಚ್ಚಿ, ಎಲೆಯಲ್ಲಿ ಸುತ್ತಿ, ಈಚಲ ಗರಿಯ ಚೀಲಕ್ಕೆ ತುಂಬಿ, ಕೆಂಡದ ಗುಂಡಿಯಲ್ಲಿ ಹೂತಿಡುವುದು. ಎರಡು ದಿನ ಬಿಟ್ಟು ತೆಗೆಯುತ್ತಾರೆ.

ಆ ಬೆಳಿಗ್ಗೆ ಅಂಗಡಿ ತುಂಬ ಮಂಗಳೂರಿನವರು. ಕೈ ಅದೇ ಲಯದಲ್ಲಿತ್ತು. ಕಫೀಲ್ ಮನೆಯ ನಾಲ್ಕು ತೊಡೆಗಳನ್ನೂ ಹವ್ವಮ್ಮ ಟಕಟಕ ಎಂದು ಸುಕ್ಕದ ಚೂರು ಮಾಡಿಬಿಟ್ಟರು! ಬೋಗುಣಿ ನೋಡಿದ ಮುದುಕಿ ಅಂದರಂತೆ: "ಇದು ಯಾರಿಗೆ, ಕೋಳಿಗಾ?"

ಮರುದಿನ ಖಲ್ಫಾನ್ ಬಂದು ತಮ್ಮ ಹರಕು ಹಿಂದಿಯಲ್ಲಿ ತೀರ್ಪು ಹೇಳಿದರು (ಮಾಮಾ ಎಂದರೆ ಅವರಿಗೆ ತಾಯಿ): "ಬಕ್ರೀದ್ ಮೇ ಮಾಮಾ ಖುಷ್, ತೋ ಸೈನ್. ಮಾಮಾ ನಾರಾಜ್, ಖಲಾಸ್. ದೂಸರಾ ಕಸಾಯಿ."

"ಎರಡು ರಾತ್ರಿ ನಿದ್ದೆ ಬರ್ಲಿಲ್ಲ ಅಮ್ಮಾ" ಎನ್ನುತ್ತಾರೆ ಹವ್ವಮ್ಮ. " ಇಡೀ ತೊಡೆ ಕೊಡ್ಲಿಕ್ಕೆ ಗೊತ್ತುಂಟು, ಅದೇನು ದೊಡ್ಡದಲ್ಲ. ಆದ್ರೆ ಮಸಾಲೆ ಒಳಗೆ ಇಳೀಬೇಕು. ಇಲ್ಲಿಯವರೆಲ್ಲ ಚೂರಿಯಲ್ಲಿ ಚುಚ್ಚುದು. ಚುಚ್ಚಿದ್ರೆ ಮಸಾಲೆ ತೂತಿನಲ್ಲೇ ನಿಲ್ತದೆ. ಜೋರು ಕೊಯ್ದ್ರೆ ಗುಂಡಿಯಲ್ಲಿ ಮಾಂಸ ಎಲುಬು ಬಿಟ್ಟು ಬೂದಿಗೆ ಬೀಳ್ತದೆ."

ಮತ್ತೆ ಎಂತ ಮಾಡಿದಿರಿ?

"ಬಂಗುಡೆ ಹುರಿಯುವಾಗ ಹೊಳೀತು. ಮೀನಿಗೆ ಹೇಗೆ ಗೀರು ಹಾಕ್ತೇವೆ? ಓರೆಯಾಗಿ, ಮುಳ್ಳು ತಾಗುವವರೆಗೆ. ಮುಳ್ಳು ಕಡೀಲಿಕ್ಕಿಲ್ಲ, ಹೊಟ್ಟೆ ಬದಿ ಮುಟ್ಲಿಕ್ಕಿಲ್ಲ. ತೊಡೆಯೂ ಒಂದು ದೊಡ್ಡ ಬಂಗುಡೆ ಅಂತ ತಿಳ್ಕೊಂಡೆ."

"ಎರಡು ತಿಂಗಳು ನಮ್ಗೆ ದಿನಾ ಗೀರು ಹಾಕಿದ ತೊಡೆಯೇ ಊಟ. ನನ್ನ ಮೈಮೇಲೂ ಒಂದೆರಡು ಗೀರು ಬಿದ್ದಿರ್ಬೇಕು" ಎನ್ನುತ್ತಾರೆ ಇದಿನಬ್ಬ.

ಹಬ್ಬದ ದಿನ ನಮಾಜು ಮುಗಿಯುತ್ತಲೇ ಖಲ್ಫಾನರ ಅಂಗಳದಲ್ಲಿ ಮೂರು ಆಡು. ಮೊಮ್ಮಕ್ಕಳು ಹಲಾಲ್ ಮಾಡಿ ಕೊಡುತ್ತಾರೆ. ಹವ್ವಮ್ಮ ಚಾಪೆಯ ಮೇಲೆ ಕೂರುತ್ತಾರೆ. ಆವತ್ತು ಅವರ ಬಾಯಿಂದ ಒಂದು ತಮಾಷೆಯೂ ಇಲ್ಲ. ಪ್ರತಿ ತೊಡೆಗೆ ಏಳು ಗೀರು, ಒಂದೇ ಓರೆ, ಒಂದೇ ಆಳ. ಚೂರಿ ಎಲುಬು ಮುಟ್ಟಿದ ಕೂಡಲೇ ಹಿಂದೆ ಬರುತ್ತದೆ. ಮುದುಕಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಾರೆ. ಹೀಗೆ ಕೊಯ್ದದ್ದನ್ನು ಅವರ ಮನೆಯಲ್ಲಿ ಯಾರೂ ಕಂಡಿಲ್ಲ. ಹುಬ್ಬು ಮೇಲೇರುತ್ತದೆ. ಚೀಲಗಳು ಗುಂಡಿಗೆ ಇಳಿಯುತ್ತವೆ. ಮುಚ್ಚಳದ ಸುತ್ತ ಮಣ್ಣು ಮೆತ್ತುತ್ತಾರೆ.

ಮೂರನೆಯ ದಿನ ಹೆಂಗಸರ ಕೋಣೆಯಲ್ಲಿ ನಾವೆಲ್ಲ ಒಂದು ದೊಡ್ಡ ತಟ್ಟೆಯ ಸುತ್ತ ಕೂತಿದ್ದೇವೆ. ಅನ್ನದ ಗುಡ್ಡದ ಮೇಲೆ ಒಂದು ತೊಡೆ, ಇಡಿಯಾಗಿ, ಎಲುಬಿಗೆ ಅಂಟಿಕೊಂಡೇ ಬಂದಿದೆ. ಮುದುಕಿ ಎರಡು ಬೆರಳಿನಲ್ಲಿ ಎಲುಬು ಹಿಡಿದು ಎಳೆಯುತ್ತಾರೆ. ಅದು ಒರೆಯಿಂದ ಕತ್ತಿ ಬಂದ ಹಾಗೆ ಸುಮ್ಮನೆ ಬರುತ್ತದೆ. ಮಾಂಸದೊಳಗೆ ನಡುವಿನವರೆಗೂ ಮಸಾಲೆಯ ಕೆಂಪು. ಒಂದು ತುತ್ತು ಬಾಯಿಗೆ ಹೋಗುತ್ತದೆ. ಆ ನಾಲ್ಕು ಹಲ್ಲು ಅಗಿದು ಮುಗಿಸುವಷ್ಟರಲ್ಲಿ ನನಗೆ ಇನ್ನೂ ಹತ್ತು ವರ್ಷ ವಯಸ್ಸಾಗುತ್ತದೆ. ಹವ್ವಮ್ಮನ ಕೈ ಅನ್ನದಲ್ಲಿ ಹಾಗೇ ನಿಂತಿದೆ. ಸೌದ ಉಮ್ಮನ ಸೆರಗಿನ ತುದಿ ಹಿಡಿದುಕೊಂಡಿದ್ದಾಳೆ.

ಹೊರಗಿಂದ ಖಲ್ಫಾನ್ ಕೂಗುತ್ತಾರೆ, "ಮಾಮಾ?"

ಮುದುಕಿಯ ಬಾಯಿಗೆ ಎರಡನೆಯ ತುತ್ತು ಹೋಗಿದೆ, ಮೂರನೆಯದು ಕೈಯಲ್ಲಿದೆ. ಹೋಗು, ತೊಂದರೆ ಕೊಡಬೇಡ ಎಂಬಂತೆ ಎಡಗೈ ಬೀಸುತ್ತಾರೆ. ಪರದೆಯ ಸಂದಿನಿಂದ ಇಣುಕಿದ ಮಗನಿಗೆ ಅಷ್ಟೇ ಸಾಕಾಗುತ್ತದೆ.

ರಜೆ ಮುಗಿದ ಮೊದಲ ದಿನವೇ ಸಹಿ ಬಿದ್ದಿದೆ. ಅಂಗಡಿಯಲ್ಲಿ ಇದಿನಬ್ಬ ಬಂದವರಿಗೆಲ್ಲ, ಬಂಗುಡೆಯ ಉಪಾಯ ತಮ್ಮದೇ ಎಂದು ಹೇಳುತ್ತಿದ್ದಾರೆ. ಹವ್ವಮ್ಮ ದಮಯಂತಿಯಮ್ಮನ ಸುಕ್ಕಕ್ಕೆ ಚೂರು ಮಾಡುತ್ತಿದ್ದಾರೆ.

ಅಜ್ಜಿ ಕೊನೆಗಾದರೂ ಹೊಗಳಿದರಾ?

"ಇಲ್ಲಪ್ಪ" ಎನ್ನುತ್ತಾರೆ ಹವ್ವಮ್ಮ, ಮಚ್ಚು ನಿಲ್ಲಿಸದೆ. "ಮುಂದಿನ ವರ್ಷ ಮೂರಲ್ಲ, ಐದು ಆಡು ಅಂತ ಹೇಳಿ ಕಳಿಸಿದ್ದಾರೆ. ಕಸಾಯಿಯವರನ್ನು ಹೊಗಳುದು ಹಾಗೆಯೇ ಅಲ್ವಾ ಅಮ್ಮಾ?"