ಗರಗರಣ್ಣನಿಗೆ ದನಿ ಬಂದದ್ದು

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳುವುದು ಅವನ ಕೆಲಸ. ಅವನು ಬಾಯಿ ತೆರೆದರೆ ಸಾಕು, ಬರೀ ಗರಗರ ಸದ್ದು ಕೇಳಿಸಿ ಜನ ವಿಚಾರಣೆಯ ಕಿಟಕಿಗೆ ಮುತ್ತಿಕೊಂಡು ಈಗ ಹೇಳಿದ್ದೇನೆಂದು ಕೇಳುತ್ತಿದ್ದರು. ಹಾಗಾಗಿ ಅವನಿಗೆ ಗರಗರಣ್ಣ ಎಂಬ ಹೆಸರು ಬಿದ್ದಿತ್ತು. ಅವನಿಗೆ ಮಾತ್ರ ಅದರ ಬಿಸಿ ತಟ್ಟಿರಲಿಲ್ಲ. ಒಂದೇ ಉಸಿರಿಗೆ ಓದಿ ಬಿಸಾಕಿ, ಕುರ್ಚಿಗೆ ಒರಗುತ್ತಿದ್ದ.

ಇಲಾಖೆ ಧ್ವನಿ ತರಬೇತಿ ಇಟ್ಟಾಗ ಮೇಲ್ವಿಚಾರಕಿ ಅವನ ಹೆಸರನ್ನೇ ಮೊದಲು ಕಳಿಸಿದರು.

"ಈ ವಯಸ್ಸಲ್ಲಿ ನಂಗೆ ಮಾತು ಕಲಿಸ್ತಾರಂತೆ. ತೊಟ್ಟಿಲಲ್ಲಿ ಹಾಕಿ ತೂಗೋದೊಂದು ಬಾಕಿ" ಎಂದು ಮನೆಯಲ್ಲಿ ಮುಖ ಊದಿಸಿಕೊಂಡ. ಹೆಂಡತಿ ನಗು ತಡೆದುಕೊಂಡು ಬಟ್ಟೆ ಜೋಡಿಸಿಕೊಟ್ಟಳು.

ತರಬೇತಿ ಕೊಡುವ ಮೇಡಂ ಮಾತು ಕಲಿಸಲೇ ಇಲ್ಲ. ಎಲ್ಲರ ಕೈಗೂ ಒಂದೊಂದು ಚೀಲ ಕೊಟ್ಟು, ತರಬೇತಿ ನಡೆದ ಊರಿನ ನಿಲ್ದಾಣದಲ್ಲಿ ಬಿಟ್ಟು, ಮೈಕಿನಲ್ಲಿ ಕೇಳಿಯೇ ಬಸ್ಸು ಹಿಡಿಯಬೇಕೆಂದರು. ಮೈಕು ಗೊರಗುಟ್ಟಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಏನಂದ್ರಪ್ಪಾ?" ಎಂದು ಕೇಳಿದರು. ಅವನಿಗೂ ತಿಳಿದಿರಲಿಲ್ಲ. ಇಬ್ಬರ ಕಣ್ಣೆದುರೇ ಬಸ್ಸು ಹೊರಟುಹೋಯಿತು. ವಿಚಾರಣೆಯ ಕಿಟಕಿಗೆ ಮುತ್ತುತ್ತಿದ್ದ ತನ್ನೂರಿನ ಜನ ಅವನಿಗೆ ನೆನಪಾದರು.

ಆಮೇಲೆ ಅವನು ಹಸಿದವನಂತೆ ಕಲಿತ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಮೈಕು ಬಾಯಿಂದ ಎಷ್ಟು ದೂರವಿರಬೇಕು, ಊರಿನ ಹೆಸರನ್ನು ಯಾಕೆ ಎರಡು ಸಲ ಹೇಳಬೇಕು, ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಂಡ. ಮನೆಗೆ ಬಂದವನೇ ಅಡುಗೆಮನೆಯಿಂದ, "ಅತ್ತೆಯವರ ಗಮನಕ್ಕೆ, ಚಹಾ ಸಿದ್ಧವಾಗಿದೆ" ಎಂದು ಬಿಡಿಬಿಡಿಯಾಗಿ ಸಾರಿದ. ಕಿವಿ ಮಂದವಾಗಿದ್ದ ಅತ್ತೆ ಹಿತ್ತಲಿನಿಂದ ಸೀದಾ ಎದ್ದು ಬಂದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಕೆಲಸಕ್ಕೆ ಮರಳಿದ ವಾರವೇ, ಸಂಜೆಯ ನೂಕುನುಗ್ಗಲಲ್ಲಿ ಮೂರನೇ ಪ್ಲಾಟ್‌ಫಾರಂನಲ್ಲಿ ಬಸ್ಸೊಂದು ಕೆಟ್ಟು ಅಡ್ಡ ನಿಂತಿತು. ಅಲ್ಲಿನ ಬಸ್ಸುಗಳನ್ನೆಲ್ಲ ಏಳನೆಯದಕ್ಕೆ ತಿರುಗಿಸಬೇಕಾಯಿತು. ಅವನು ಎದೆ ತುಂಬ ಉಸಿರೆಳೆದು, ಆ ಅಜ್ಜಿಯನ್ನು ನೆನೆದು, ಅವರೊಬ್ಬರಿಗೇ ಹೇಳುವಂತೆ ಹೇಳಿದ. ಹೊರಗೆ ಗದ್ದಲವೇ ಏಳಲಿಲ್ಲ. ಮೈಕು ಕೈಕೊಟ್ಟಿತೆಂದು ಗಾಬರಿಯಾಗಿ ಓಡಿ ಬಂದು ನೋಡಿದರೆ, ಚೀಲ ಹೊತ್ತವರು, ಮಗುವನ್ನೆತ್ತಿಕೊಂಡವರು, ಕೋಲು ಊರಿದವರು ಎಲ್ಲರೂ ಏಳನೇ ಪ್ಲಾಟ್‌ಫಾರಂ ಕಡೆಗೆ ಹೊಳೆಯಂತೆ ಹರಿಯುತ್ತಿದ್ದರು.

ವಿಚಾರಣೆಯ ಕಿಟಕಿಯಲ್ಲಿ ಮೇಲ್ವಿಚಾರಕಿ ಕೈಕಟ್ಟಿ ಕೂತಿದ್ದರು.

"ಒಬ್ರೂ ಬಂದು ಕೇಳ್ಲಿಲ್ಲ ಕಣ್ರೀ" ಎಂದರು.

ಮುಂದಿನ ಬಸ್ಸಿನ ಹೊತ್ತಾಗಿತ್ತು, ಅವನು ಒಳಗೆ ಓಡಿದ.

ಪಾಳಿ ಮುಗಿದು ಬದಲಿಯವನು ಬಂದು ನಿಂತರೂ ಅವನು ಕುರ್ಚಿ ಬಿಡಲಿಲ್ಲ.

"ಇದೊಂದು ಹೇಳಿ ಎದ್ಬಿಡ್ತೀನಿ" ಎಂದ.

ಬದಲಿಯವನು ಸ್ಟೂಲು ಎಳೆದುಕೊಂಡು ಕೂತ. ಅದಾದ ಮೇಲೆ ಇನ್ನೂ ನಾಲ್ಕು ಬಸ್ಸು ಹೊರಟವು.